ಸೇತುವೆಯ ಕೆಳಗೆ ನಿಂತವರು: ಒಂದು ಕಲಾಕೃತಿ ಮತ್ತು ನಮ್ಮ ಪ್ರಕರಣ ಅಧ್ಯಯನ

ಇಂಟರ್ನ್‌ಶಿಪ್ ಮುಗಿಸಿ ಬರುವ ಪ್ರಶಿಕ್ಷಣಾರ್ಥಿಗಳು ಪಾಠ ಯೋಜನೆಗಳ ಕಟ್ಟು, ವೀಕ್ಷಣಾ ದಾಖಲೆ, ಕ್ರಿಯಾ ಸಂಶೋಧನೆಯ ವರದಿ ಇವುಗಳ ಜೊತೆಗೆ ಒಂದು ಪ್ರಕರಣ ಅಧ್ಯಯನವನ್ನೂ ಸಲ್ಲಿಸುವ ರೂಢಿ ನಮ್ಮ ಅನೇಕ ಬಿ.ಇಡಿ. ಕಾಲೇಜುಗಳಲ್ಲಿದೆ. ಅದಕ್ಕೆ ಆರಿಸಿಕೊಳ್ಳುವ ವಿದ್ಯಾರ್ಥಿ ಬಹುಮಟ್ಟಿಗೆ ಒಂದೇ ಬಗೆಯವನು. ಕೊನೆಯ ಬೆಂಚಿನವನು, ತಲೆಯ ಎರಡು ಬದಿ ಬೋಳಿಸಿ ನೆತ್ತಿಯ ಮೇಲೆ ಕೂದಲು ನಿಲ್ಲಿಸಿದವನು, ಕೈಗೆ ಕಡಗ ಹಾಕಿ, ಸಮವಸ್ತ್ರದ ಪ್ಯಾಂಟನ್ನು ಕಾಲಿಗೆ ಅಂಟುವಂತೆ ಹೊಲಿಸಿಕೊಂಡವನು, ಬೆಲ್ ಹೊಡೆದ ಮೇಲೂ ಗೇಟಿನ ಹೊರಗೆ ನಾಲ್ವರ ಜೊತೆ ನಿಂತಿರುವವನು. ವರದಿಯ ಉಪಶೀರ್ಷಿಕೆಗಳೂ ಸಿದ್ಧವಾಗಿಯೇ ಇರುತ್ತವೆ: ಸಮಸ್ಯೆಯ ಗುರುತಿಸುವಿಕೆ, ಕೌಟುಂಬಿಕ ಹಿನ್ನೆಲೆ, ಸಂಭವನೀಯ ಕಾರಣಗಳು, ಪರಿಹಾರೋಪಾಯಗಳು, ಫಲಿತಾಂಶ. ವರದಿಯನ್ನು ಪೂರ್ತಿ ಓದಿ ಮುಗಿಸಿದರೂ ಆ ಹುಡುಗ ಶಾಲೆ ಬಿಟ್ಟ ಮೇಲೆ ಎಲ್ಲಿ ಹೋಗಿ ನಿಲ್ಲುತ್ತಾನೆ, ಅಲ್ಲಿಂದ ನೋಡಿದರೆ ನಮ್ಮ ಶಾಲೆ ಹೇಗೆ ಕಾಣುತ್ತದೆ ಎಂಬುದು ತಿಳಿಯುವುದಿಲ್ಲ.

ಅಂಚಿಗೆ ಸರಿದ ಯುವಕರ ಗುಂಪೊಂದನ್ನು ಇತರರಿಗೆ ಪರಿಚಯಿಸುವ ಕೆಲಸವನ್ನು ಕಲಾವಿದರೂ ಮಾಡುತ್ತಾರೆ. ಅದನ್ನು ಗಂಭೀರವಾಗಿ ಮಾಡಿದ ಒಂದು ಕಲಾಕೃತಿಯನ್ನು ವಿವರವಾಗಿ ನೋಡಿ, ಅದರಿಂದ ನಮ್ಮ ಪ್ರಕರಣ ಅಧ್ಯಯನ ಏನು ಕಲಿಯಬಹುದು ಎಂದು ಚರ್ಚಿಸುವುದು ಈ ಲೇಖನದ ಉದ್ದೇಶ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹುಡುಗನನ್ನು ವಿವರಿಸುವ ಮೊದಲು ಅವನು ನಿಲ್ಲುವ ಜಾಗವನ್ನು ನಾವು ವಿವರಿಸಲು ಕಲಿಯಬೇಕು.

ಗ್ಯಾಲರಿಯೊಳಗೆ ಬಂದ ಹೆದ್ದಾರಿ

ಪ್ರತಿಷ್ಠಾಪನಾ ಕಲೆ ಎಂದರೆ ಗೋಡೆಗೆ ತೂಗುಹಾಕಿದ ಚಿತ್ರವಲ್ಲ. ಒಂದು ಜಾಗವನ್ನೇ ಕಟ್ಟಿ ನೋಡುಗರನ್ನು ಅದರೊಳಗೆ ಕರೆದುಕೊಳ್ಳುವ ಕಲೆ ಅದು. ಗಣೇಶ ಚೌತಿಯಲ್ಲಿ ಬೀದಿಗೆ ಅಡ್ಡಲಾಗಿ ಗುಹೆಯನ್ನೋ ಬೆಟ್ಟವನ್ನೋ ಕಟ್ಟಿ, ಜನ ಅದರೊಳಗೆ ನಡೆದುಹೋಗುವಂತೆ ಮಾಡುವ ನಮ್ಮ ಹುಡುಗರಿಗೆ ಈ ಕಲೆಯ ಮೂಲತತ್ತ್ವವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

2019ರ ಸೆಪ್ಟೆಂಬರಿನಿಂದ 2020ರ ಜನವರಿಯವರೆಗೆ ಲಂಡನ್ನಿನ ಟೇಟ್ ಬ್ರಿಟನ್ ಕಲಾಸಂಗ್ರಹಾಲಯದಲ್ಲಿ ಮಾರ್ಕ್ ಲೆಕಿ ಎಂಬ ಕಲಾವಿದರ ‘ಓ ಮ್ಯಾಜಿಕ್ ಪವರ್ ಆಫ್ ಬ್ಲೀಕ್‌ನೆಸ್’ ಪ್ರದರ್ಶನ ನಡೆಯಿತು. ಇಂಗ್ಲೆಂಡಿನ ವಾಯವ್ಯ ಭಾಗದಲ್ಲಿ, ಲಿವರ್‌ಪೂಲ್ ನಗರದ ಎದುರು ದಡದಲ್ಲಿ ವಿರಲ್ ಎಂಬ ಪ್ರದೇಶವಿದೆ. ಅದರ ಮೂಲಕ ಎಂ53 ಹೆದ್ದಾರಿ ಹಾದುಹೋಗುತ್ತದೆ. ಲೆಕಿ ಹುಟ್ಟಿದ್ದು 1964ರಲ್ಲಿ, ಅದೇ ಪ್ರದೇಶದ ಬರ್ಕನ್‌ಹೆಡ್‌ನಲ್ಲಿ. ಎಳೆಯ ವಯಸ್ಸಿನಲ್ಲಿ ಅವರು ಗೆಳೆಯರೊಂದಿಗೆ ಕಾಲ ಕಳೆಯುತ್ತಿದ್ದುದು ಆ ಹೆದ್ದಾರಿಯ ಒಂದು ಸೇತುವೆಯ ಕೆಳಗೆ. ಆ ಸೇತುವೆಯ ಒಂದು ಭಾಗವನ್ನು ಅವರು ಸಂಗ್ರಹಾಲಯದೊಳಗೆ ನಿಜ ಅಳತೆಯಲ್ಲೇ ಕಟ್ಟಿಸಿದರು. ಕಾಂಕ್ರೀಟಿನ ಕಂಬಗಳು, ಇಳಿಜಾರು, ತಲೆಯ ಮೇಲೆ ರಸ್ತೆಯ ಭಾರ, ಮಬ್ಬು ಬೆಳಕು. ನೋಡಲು ಬಂದವರು ಆ ಸೇತುವೆಯ ಬಳಿಯೇ ಇದ್ದುಕೊಂಡು ಒಂದರ ನಂತರ ಒಂದು ವಿಡಿಯೊ ಕೃತಿಗಳನ್ನು ನೋಡಬೇಕಿತ್ತು. ಅವುಗಳಲ್ಲಿ ಒಂದು, 1999ರಲ್ಲಿ ಅವರೇ ತಯಾರಿಸಿದ್ದ ‘ಫಿಯೊರುಚ್ಚಿ ಮೇಡ್ ಮಿ ಹಾರ್ಡ್‌ಕೋರ್’. ಇನ್ನೊಂದು, ಈ ಪ್ರದರ್ಶನಕ್ಕೆಂದೇ ಮಾಡಿದ ‘ಅಂಡರ್ ಅಂಡರ್ ಇನ್’. ಅದರಲ್ಲಿ ಟ್ರ್ಯಾಕ್‌ಸೂಟು ತೊಟ್ಟ ಇಂದಿನ ಕೆಲವು ಹದಿಹರೆಯದವರು ಸೇತುವೆಯ ಕೆಳಗೆ ಸೇರುತ್ತಾರೆ. ಅವರಲ್ಲಿ ಒಬ್ಬನನ್ನು ಅಲ್ಲಿನ ಅಗೋಚರ ಶಕ್ತಿಗಳು ಎಳೆದುಕೊಂಡು ಹೋಗುತ್ತವೆ. ಊರಾಚೆಯ ಹುಣಸೆ ಮರದ ಕೆಳಗೆ ನಮ್ಮಲ್ಲಿ ಹುಟ್ಟುವ ಕಥೆಗಳಂಥದೇ ಕಥೆ ಅಲ್ಲಿ ಕಾಂಕ್ರೀಟಿನ ಕೆಳಗೆ ಹುಟ್ಟಿದೆ.

ಈ ಪ್ರದರ್ಶನದಲ್ಲಿ ಶಿಕ್ಷಕರು ಗಮನಿಸಬೇಕಾದ ಅಂಶವೆಂದರೆ ಸ್ಥಾನ ಬದಲಾವಣೆ. ದಿನವೂ ಸೇತುವೆಯ ಮೇಲೆ ಕಾರಿನಲ್ಲಿ ಹೋಗುವವರಿಗೆ ಕೆಳಗಿನ ಹುಡುಗರು ಕಾಣುವುದೇ ಇಲ್ಲ. ಕಂಡರೂ ಒಂದು ಕ್ಷಣ ಕಾಣುತ್ತಾರೆ, ಅದೂ ಅನುಮಾನಾಸ್ಪದವಾಗಿ. ಲೆಕಿ ಆ ಹುಡುಗರನ್ನು ಎತ್ತಿ ತಂದು ದೀಪದ ಕೆಳಗೆ ನಿಲ್ಲಿಸಲಿಲ್ಲ. ನೋಡುಗರನ್ನೇ ಸೇತುವೆಯ ಕೆಳಗೆ ಇಳಿಸಿದರು.

ಆ ಹುಡುಗರಿಗೆ ಗೊತ್ತಿದ್ದ ವಿದ್ಯೆ

‘ಫಿಯೊರುಚ್ಚಿ’ ಹದಿನೈದು ನಿಮಿಷದ ಕೃತಿ. 1970ರ ದಶಕದಿಂದ 1990ರ ದಶಕದವರೆಗೆ ಬ್ರಿಟನ್ನಿನ ನೃತ್ಯಶಾಲೆಗಳಲ್ಲಿ ಯಾರ‍್ಯಾರೋ ಚಿತ್ರೀಕರಿಸಿದ್ದ ತುಣುಕುಗಳನ್ನು ಹುಡುಕಿ ಜೋಡಿಸಿದ್ದು. ಯುಟ್ಯೂಬ್ ಇನ್ನೂ ಹುಟ್ಟಿರದ ಕಾಲ ಅದು. ಅದರಲ್ಲಿ ತಜ್ಞರ ವಿವರಣೆಯಿಲ್ಲ, ಸಮಾಜಶಾಸ್ತ್ರಜ್ಞರ ಸಂದರ್ಶನವಿಲ್ಲ. ಕುಣಿಯುವ ದೇಹಗಳಿವೆ, ನಿಧಾನಗೊಂಡು ಮರುಕಳಿಸುವ ಚಲನೆಗಳಿವೆ, ಕೂಗುಗಳಿವೆ.

ಅಲ್ಲಿ ಬರುವ ಗುಂಪುಗಳು ಮುಖ್ಯವಾಗಿ ಮೂರು. ಮೊದಲನೆಯದು ‘ನಾರ್ದರ್ನ್ ಸೋಲ್’. ಉತ್ತರ ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳ ದುಡಿಯುವ ವರ್ಗದ ಯುವಕ ಯುವತಿಯರು, ಅಮೆರಿಕದ ಕಪ್ಪು ಗಾಯಕರ, ಆ ದೇಶದಲ್ಲೇ ಮಾರಾಟವಾಗದೆ ಮೂಲೆ ಸೇರಿದ್ದ ಸೋಲ್ ಸಂಗೀತದ ರೆಕಾರ್ಡುಗಳನ್ನು ಹುಡುಕಿ ತಂದು ರಾತ್ರಿಯಿಡೀ ಕುಣಿಯುತ್ತಿದ್ದರು. 1973ರಿಂದ 1981ರವರೆಗೆ ನಡೆದ ವಿಗನ್ ಕ್ಯಾಸಿನೊ ಇದರ ಹೆಸರಾಂತ ತಾಣ. ಯಾವ ಹಾಡು ಯಾವ ಕಂಪನಿಯ ಲೇಬಲ್ಲಿನಲ್ಲಿ ಬಂತು, ಯಾವುದರ ಪ್ರತಿಗಳು ಎಷ್ಟು ಅಪರೂಪ ಎಂಬುದೆಲ್ಲ ಅವರಿಗೆ ಬಾಯಿಪಾಠ. ಎರಡನೆಯದು ‘ಕ್ಯಾಶುವಲ್’ಗಳು. 1970ರ ದಶಕದ ಕೊನೆಯಲ್ಲಿ, ಫುಟ್‌ಬಾಲ್ ತಂಡದ ಬೆನ್ನಿಗೆ ಯುರೋಪಿನ ನಗರಗಳಿಗೆ ಹೋಗಿಬರುತ್ತಿದ್ದ ಹುಡುಗರು ಅಲ್ಲಿಂದ ತಂದ ಕ್ರೀಡಾ ಉಡುಪುಗಳಿಂದ ಬೆಳೆದ ಗುಂಪು ಇದು. ಯಾವ ಬ್ರ್ಯಾಂಡಿನ ಶೂ, ಯಾವ ಕಾಲರು, ಯಾವ ಬಣ್ಣ ಎಂಬ ಸೂಕ್ಷ್ಮಗಳಲ್ಲೇ ಒಬ್ಬರನ್ನೊಬ್ಬರು ಗುರುತಿಸುತ್ತಿದ್ದರು. ಲೆಕಿಯೂ ಹರೆಯದಲ್ಲಿ ಕ್ಯಾಶುವಲ್ ಆಗಿದ್ದವರೇ. ಮೂರನೆಯದು 1980ರ ದಶಕದ ಕೊನೆಯಲ್ಲಿ ಶುರುವಾದ ‘ರೇವ್’ ಕೂಟಗಳು. ಇವುಗಳ ವಿಷಯದಲ್ಲಿ ಸರ್ಕಾರಕ್ಕೆ ಎಷ್ಟು ಆತಂಕವಿತ್ತೆಂದರೆ, 1994ರ ಕ್ರಿಮಿನಲ್ ಜಸ್ಟಿಸ್ ಅಂಡ್ ಪಬ್ಲಿಕ್ ಆರ್ಡರ್ ಕಾಯ್ದೆಯಲ್ಲಿ, ರಾತ್ರಿ ಹೊತ್ತು ಬಯಲಲ್ಲಿ ಜೋರು ಸಂಗೀತ ಹಾಕಿ ನೂರು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿದರೆ ಚದುರಿಸಲು ಪೊಲೀಸರಿಗೆ ಅಧಿಕಾರ ಕೊಡಲಾಯಿತು. ಅಲ್ಲಿ ಸಂಗೀತ ಎಂದರೆ ಏನು ಎಂಬುದಕ್ಕೆ ಒಂದೇ ಸಮನೆ ಮರುಕಳಿಸುವ ತಾಳವೂ ಸೇರುತ್ತದೆ ಎಂದು ಕಾನೂನಿನಲ್ಲೇ ಬರೆಯಬೇಕಾಯಿತು.

ಇಲ್ಲಿ ಶಿಕ್ಷಕರ ಕಣ್ಣಿಗೆ ಬೀಳಬೇಕಾದ ವಿಷಯವೊಂದಿದೆ. ಈ ಗುಂಪುಗಳಲ್ಲಿ ಕಲಿಕೆ ನಡೆಯುತ್ತಿತ್ತು. ಹಿರಿಯರಿಂದ ಕಿರಿಯರಿಗೆ ಹೆಜ್ಜೆಗಳು ದಾಟುತ್ತಿದ್ದವು. ವರ್ಗೀಕರಣವಿತ್ತು, ಸ್ಮರಣೆಯಿತ್ತು, ವಿಮರ್ಶೆಯಿತ್ತು, ತಪ್ಪಿದವನನ್ನು ತಿದ್ದುವ ಕ್ರಮವಿತ್ತು. ರಚನಾವಾದದ ಬಗ್ಗೆ ನಾವು ಬರೆಯುವ ಉತ್ತರಗಳಲ್ಲಿ ಬರುವ ಬಹುಪಾಲು ಲಕ್ಷಣಗಳು ಅಲ್ಲಿದ್ದವು. ಶಾಲೆಯ ಅಂಕಪಟ್ಟಿಯಲ್ಲಿ ಮಾತ್ರ ಅದರ ಸುಳಿವಿರಲಿಲ್ಲ. ಲೆಕಿ ಹದಿನಾರನೇ ವಯಸ್ಸಿಗೆ ಶಾಲೆ ಬಿಟ್ಟಾಗ ಅವರ ಕೈಯಲ್ಲಿದ್ದದ್ದು ಒಂದೇ ಒಂದು ವಿಷಯದ ಓ-ಲೆವೆಲ್ ತೇರ್ಗಡೆ. ಆ ವಿಷಯ ಚಿತ್ರಕಲೆ. ನಮ್ಮ ಎಸ್ಸೆಸ್ಸೆಲ್ಸಿಯಂತೆ ಆ ವಯಸ್ಸಿಗೆ ಬರುತ್ತಿದ್ದ, ವಿಷಯವಾರು ತೇರ್ಗಡೆಯಾಗಬೇಕಿದ್ದ ಪರೀಕ್ಷೆ ಅದು. ಅದೇ ವ್ಯಕ್ತಿಗೆ 2008ರಲ್ಲಿ ಬ್ರಿಟನ್ನಿನ ಪ್ರತಿಷ್ಠಿತ ಟರ್ನರ್ ಪ್ರಶಸ್ತಿ ಬಂತು. ‘ಫೇಲಾದವನೂ ದೊಡ್ಡವನಾಗಬಲ್ಲ’ ಎಂಬ ನೀತಿಪಾಠಕ್ಕಾಗಿ ನಾನಿದನ್ನು ಹೇಳುತ್ತಿಲ್ಲ. ಸೇತುವೆಯ ಕೆಳಗೆ ನಿಂತಿದ್ದ ಉಳಿದವರಿಗೆ ಯಾವ ಪ್ರಶಸ್ತಿಯೂ ಬರಲಿಲ್ಲ, ಅವರ ವಿದ್ಯೆಯೂ ವಿದ್ಯೆಯೇ ಆಗಿತ್ತು ಎಂಬುದಕ್ಕಾಗಿ ಹೇಳುತ್ತಿದ್ದೇನೆ.

ಶಾಲೆಯ ಪಾತ್ರ

ಈ ಹುಡುಗರ ವಿಷಯದಲ್ಲಿ ಶಾಲೆ ಬರೀ ಸಾಕ್ಷಿಯಾಗಿ ನಿಂತಿರಲಿಲ್ಲ. ಶಿಕ್ಷಣದ ಸಮಾಜಶಾಸ್ತ್ರ ಓದುವವರಿಗೆ ಪಾಲ್ ವಿಲ್ಲಿಸ್ ಅವರ ‘ಲರ್ನಿಂಗ್ ಟು ಲೇಬರ್’ ಪರಿಚಿತ. 1977ರಲ್ಲಿ ಪ್ರಕಟವಾದ ಈ ಪುಸ್ತಕಕ್ಕಾಗಿ ವಿಲ್ಲಿಸ್ ಇಂಗ್ಲೆಂಡಿನ ಕೈಗಾರಿಕಾ ಪಟ್ಟಣವೊಂದರ ಶಾಲೆಯಲ್ಲಿ ದುಡಿಯುವ ವರ್ಗದ ಹನ್ನೆರಡು ಹುಡುಗರ ಜೊತೆ, ಅವರ ಶಾಲೆಯ ಕೊನೆಯ ದಿನಗಳಿಂದ ಕೆಲಸದ ಮೊದಲ ತಿಂಗಳುಗಳವರೆಗೆ ಓಡಾಡಿದರು. ಆ ಹುಡುಗರು ಮಾತು ಕೇಳುವ ಸಹಪಾಠಿಗಳನ್ನು ಬರೀ ಕಿವಿಗಳು ಎಂಬರ್ಥದ ಅಡ್ಡಹೆಸರಿನಿಂದ ಕರೆಯುತ್ತಿದ್ದರು. ಓದಿದರೆ ಮೇಲೆ ಬರುತ್ತೀರಿ ಎಂಬ ಶಾಲೆಯ ಭರವಸೆ ತಮ್ಮಂಥ ಎಲ್ಲರ ಪಾಲಿಗೂ ನಿಜವಾಗುವುದಿಲ್ಲ ಎಂಬುದನ್ನು ಅವರು ಸರಿಯಾಗಿಯೇ ಗ್ರಹಿಸಿದ್ದರು. ಆದರೆ ಆ ಗ್ರಹಿಕೆಯಿಂದ ಹುಟ್ಟಿದ ಧಿಕ್ಕಾರವೇ ಅವರನ್ನು ತಂದೆಯಂದಿರ ಕಾರ್ಖಾನೆಗೆ ತಲುಪಿಸಿತು. ಪುಸ್ತಕದ ನೋವಿನ ಮಾತು ಇದು.

ವಿಲ್ಲಿಸ್ ನೋಡಿದ ಹುಡುಗರಿಗೆ ಕೊನೆಗೆ ಕಾರ್ಖಾನೆಯಾದರೂ ಇತ್ತು. ಲೆಕಿಯ ವಯಸ್ಸಿನವರು ಶಾಲೆ ಬಿಡುವ ಹೊತ್ತಿಗೆ ಅದೂ ಇರಲಿಲ್ಲ. 1982ರಲ್ಲಿ ಬ್ರಿಟನ್ನಿನಲ್ಲಿ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತ್ತು. ಲಿವರ್‌ಪೂಲ್ ಸುತ್ತಮುತ್ತಲಿನ ಪ್ರದೇಶಕ್ಕೆ ಅದರ ಪೆಟ್ಟು ಜೋರಾಗಿ ಬಿದ್ದಿತ್ತು. ಸೇತುವೆಯ ಕೆಳಗೆ ನಿಲ್ಲುವುದು ಸೋಮಾರಿತನವೋ, ಹೋಗಲು ಬೇರೆ ಜಾಗವಿಲ್ಲದ್ದೋ ಎಂಬ ಪ್ರಶ್ನೆಯನ್ನು ಆ ಅಂಕಿಯ ಪಕ್ಕದಲ್ಲಿಟ್ಟು ಕೇಳಬೇಕು.

ಲೆಕಿಯ ಸೇತುವೆ ಇನ್ನೂ ನಿಂತಿದ್ದಾಗಲೇ, 2019ರ ನವೆಂಬರಿನಲ್ಲಿ, ಅದೇ ಟೇಟ್ ಬ್ರಿಟನ್ನಿನ ನಡುವಣ ಹಜಾರದಲ್ಲಿ ಸ್ಟೀವ್ ಮೆಕ್ವೀನ್ ಅವರ ‘ಇಯರ್ 3’ ಕೃತಿ ಪ್ರದರ್ಶನಗೊಂಡಿತು. ಲಂಡನ್ನಿನ 1,504 ಶಾಲೆಗಳ, ಏಳೆಂಟು ವರ್ಷದ 76,146 ಮಕ್ಕಳ ತರಗತಿ ಫೋಟೊಗಳು ಗೋಡೆ ತುಂಬ. ನಮ್ಮ ಶಾಲೆಗಳಲ್ಲೂ ವರ್ಷದ ಕೊನೆಗೆ ತೆಗೆಸುವಂಥ, ಮುಂದಿನ ಸಾಲು ಕೂತು ಹಿಂದಿನ ಸಾಲು ನಿಂತ, ನಡುವೆ ಶಿಕ್ಷಕರಿರುವ ಫೋಟೊ. ಆ ವಯಸ್ಸಿನಲ್ಲಿ ಎಲ್ಲರೂ ಚೌಕಟ್ಟಿನೊಳಗಿದ್ದಾರೆ. ಮೆಕ್ವೀನ್ ತಮ್ಮ ಬಗ್ಗೆಯೇ ಸಾರ್ವಜನಿಕವಾಗಿ ಹೇಳಿಕೊಂಡಿರುವಂತೆ, ಹದಿಮೂರನೇ ವಯಸ್ಸಿಗೆ ಅವರನ್ನು ಶಾಲೆಯಲ್ಲಿ ಕೈಕೆಲಸಕ್ಕಷ್ಟೇ ಲಾಯಕ್ಕಾದವರ ತರಗತಿಗೆ ಹಾಕಲಾಗಿತ್ತು. ಒಂದೇ ಕಟ್ಟಡದಲ್ಲಿದ್ದ ಆ ಎರಡು ಕೃತಿಗಳ ನಡುವಿನ ದೂರವೇ ನಮ್ಮ ವೃತ್ತಿಯ ವಿಷಯ. ಏಳರಲ್ಲಿ ಫೋಟೊದೊಳಗಿದ್ದ ಮಗು ಹದಿನೈದರಲ್ಲಿ ಸೇತುವೆಯ ಕೆಳಗೆ ಹೇಗೆ ಬಂತು? ನಡುವಿನ ಎಂಟು ವರ್ಷ ಅದು ಇದ್ದದ್ದು ನಮ್ಮ ಕೈಯಲ್ಲಿ.

ಕೇಳಬಹುದಾದ ಆಕ್ಷೇಪಗಳು

ಇಂಥ ಕೃತಿಗಳು ಪುಂಡಾಟಿಕೆಗೆ ಮೆರುಗು ಕೊಡುತ್ತವೆ ಎಂಬುದು ಮೊದಲ ಆಕ್ಷೇಪ. ಅದರಲ್ಲಿ ಹುರುಳಿದೆ. ಕ್ಯಾಶುವಲ್‌ಗಳ ಹೆಸರು ಫುಟ್‌ಬಾಲ್ ಮೈದಾನದ ಹೊಡೆದಾಟಗಳ ಜೊತೆ ಸೇರಿಕೊಂಡೇ ಬರುತ್ತದೆ. ವಿಲ್ಲಿಸ್ ವಿವರಿಸಿದ ಹುಡುಗರು ಹುಡುಗಿಯರ ಬಗ್ಗೆ, ವಲಸೆ ಬಂದ ಕುಟುಂಬಗಳ ಮಕ್ಕಳ ಬಗ್ಗೆ ಆಡುತ್ತಿದ್ದ ಮಾತುಗಳು ಹೀನವಾಗಿದ್ದವು. ಅವರು ಅದನ್ನು ಮುಚ್ಚಿಡಲಿಲ್ಲ. ಆದರೆ ಇನ್ನೊಂದು ಬದಿಯ ಅಪಾಯವೂ ಇದೆ. ಬ್ರಿಟನ್ನಿನ ‘ಮಾಡ್’ ಮತ್ತು ‘ರಾಕರ್’ ಗುಂಪುಗಳು 1964ರಲ್ಲಿ ಕಡಲತೀರದ ಊರುಗಳಲ್ಲಿ ನಡೆಸಿದ ಗಲಾಟೆಗಳನ್ನು ಪತ್ರಿಕೆಗಳು ಹೇಗೆ ಉಬ್ಬಿಸಿದವು, ಆ ಉಬ್ಬಿಸುವಿಕೆಯೇ ಗುಂಪುಗಳನ್ನು ಹೇಗೆ ಇನ್ನಷ್ಟು ಗಟ್ಟಿಮಾಡಿತು ಎಂಬುದನ್ನು ಸ್ಟ್ಯಾನ್ಲಿ ಕೋಹೆನ್ 1972ರ ತಮ್ಮ ಪುಸ್ತಕದಲ್ಲಿ ತೋರಿಸಿದರು. ಸಿಬ್ಬಂದಿ ಕೊಠಡಿಯಲ್ಲಿ ‘ಆ ಬ್ಯಾಚು’ ಎಂದು ಮಾತು ಶುರುವಾದರೆ, ಮುಂದಿನ ವರ್ಷದ ಹೊತ್ತಿಗೆ ಅಂಥದೊಂದು ಬ್ಯಾಚು ನಿಜವಾಗಿಯೂ ತಯಾರಾಗಿರುತ್ತದೆ. ಜಾಗವನ್ನು ವಿವರಿಸುವುದು ಎಂದರೆ ಅಲ್ಲಿ ನಡೆಯುವುದನ್ನೆಲ್ಲ ಒಪ್ಪುವುದು ಎಂದಾಗುವುದಿಲ್ಲ. ಹೊಡೆದಾಟವೂ ಆ ಜಾಗದ ವಿವರವೇ, ಅದನ್ನೂ ಬರೆಯಬೇಕು.

ಸೇತುವೆಯ ಕೆಳಗಿನ ಬದುಕು ಟಿಕೆಟ್ ಕೊಂಡು ನೋಡುವ ವಸ್ತುವಾಯಿತಲ್ಲ ಎಂಬುದು ಎರಡನೆಯ ಆಕ್ಷೇಪ. ಇದು ನಿಜವಾದ ಕೊರತೆ. ಆದರೂ ಕಟ್ಟಿದವರು ಯಾರು ಎಂಬುದು ಮುಖ್ಯವಾಗುತ್ತದೆ. ಲೆಕಿ ಅಲ್ಲಿಯೇ ನಿಂತಿದ್ದವರು. ನಮ್ಮ ಕೇರಿಗಳ ಬದುಕು, ಕೇರಿಯ ಮಗುವಿಗೆ ಶಾಲೆ ಕಂಡ ಬಗೆ ಕನ್ನಡ ಓದುಗರಿಗೆ ಸರಿಯಾಗಿ ತಿಳಿದದ್ದು ಸಿದ್ಧಲಿಂಗಯ್ಯನವರ ‘ಊರುಕೇರಿ’, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದಂಥ ಆತ್ಮಕಥನಗಳಿಂದ. ಅಲ್ಲಿದ್ದವರೇ ಹೇಳಿದಾಗ ಕನಿಕರ ಹಿಂದೆ ಸರಿದು ತಿಳಿವಳಿಕೆ ಮುಂದೆ ಬರುತ್ತದೆ.

ಮೂರನೆಯದು, ಇಂಗ್ಲೆಂಡಿನ ಉದಾಹರಣೆ ನಮಗೆ ಪೂರ್ತಿ ಒಗ್ಗುವುದಿಲ್ಲ ಎಂಬ ಮಾತು. ಒಪ್ಪುತ್ತೇನೆ. ಅಲ್ಲಿನ ಹುಡುಗ ಟ್ರ್ಯಾಕ್‌ಸೂಟು ಕಳಚಿಟ್ಟರೆ ಗುಂಪಿನಿಂದ ಸ್ವಲ್ಪವಾದರೂ ಹೊರಬರಬಹುದು. ಇಲ್ಲಿ ಗೇಟಿನ ಹೊರಗೆ ಯಾರು ನಿಲ್ಲುತ್ತಾರೆ ಎಂಬುದನ್ನು ಬಹಳ ಸಲ ಜಾತಿ, ಕೇರಿ, ವಲಸೆ ಮೊದಲೇ ತೀರ್ಮಾನಿಸಿಬಿಟ್ಟಿರುತ್ತವೆ. ಹಾಗಾಗಿ ನಮ್ಮಲ್ಲಿ ಜಾಗದ ಪ್ರಶ್ನೆ ಇನ್ನೂ ಹೆಚ್ಚು ಗಂಭೀರ. ಹುಡುಗಿಯರ ಪ್ರಶ್ನೆಯೂ ಇದೆ. ಉಪಸಂಸ್ಕೃತಿಯ ಅಧ್ಯಯನಗಳಲ್ಲಿ ಹುಡುಗಿಯರು ಏಕೆ ಕಾಣುವುದಿಲ್ಲ ಎಂದು ಏಂಜೆಲಾ ಮೆಕ್‌ರಾಬಿ ಮತ್ತು ಜೆನ್ನಿ ಗಾರ್ಬರ್ 1970ರ ದಶಕದಲ್ಲೇ ಕೇಳಿದ್ದರು. ಬೀದಿಯನ್ನಷ್ಟೇ ನೋಡಿದರೆ ಅವರು ಕಾಣುವುದಿಲ್ಲ, ಮನೆಯೊಳಗಿನ ಕೋಣೆಯನ್ನು ನೋಡಬೇಕು ಎಂಬುದು ಅವರ ವಾದ. ನಮ್ಮ ಹುಡುಗಿಯರ ಜಾಗ ನಲ್ಲಿಯ ಹತ್ತಿರವೋ, ಸರ್ಕಾರಿ ಬಸ್ಸಿನ ಹಿಂದಿನ ಸೀಟೋ, ಹಾಸ್ಟೆಲ್ಲಿನ ಟೆರೇಸೋ ಇರಬಹುದು. ಅವರ ಬಗ್ಗೆ ಪ್ರಕರಣ ಅಧ್ಯಯನಗಳು ಕಡಿಮೆ, ಏಕೆಂದರೆ ಅವರು ತೊಂದರೆ ಕೊಡುವುದಿಲ್ಲ.

ಇಂಟರ್ನ್‌ಶಿಪ್‌ನಲ್ಲಿ ಏನು ಮಾಡಬಹುದು?

2014ರ ಎನ್‌ಸಿಟಿಇ ನಿಯಮಾವಳಿಯಿಂದ ಬಿ.ಇಡಿ. ಎರಡು ವರ್ಷದ್ದಾಯಿತು, ಶಾಲಾ ಅನುಭವಕ್ಕೆ ಇಪ್ಪತ್ತು ವಾರ ಸಿಕ್ಕಿತು, ‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ಪಠ್ಯಕ್ರಮದ ಭಾಗವಾಯಿತು. ಕಾಲವೂ ಇದೆ, ಅವಕಾಶವೂ ಇದೆ. ಆದರೆ ಕಲೆಯ ಭಾಗ ಎಷ್ಟೋ ಕಡೆ ಚಾರ್ಟು, ರಂಗೋಲಿ, ಥರ್ಮೋಕೋಲಿನ ಮಾದರಿಗಳಲ್ಲಿ ಮುಗಿದುಹೋಗುತ್ತದೆ. ಪ್ರಕರಣ ಅಧ್ಯಯನ ಬೇರೆ ಕಡತದಲ್ಲಿ ಉಳಿಯುತ್ತದೆ. ಇವೆರಡನ್ನೂ ಸೇರಿಸಬೇಕೆಂಬುದು ನನ್ನ ಸಲಹೆ.

ಮೊದಲ ಹಂತ ‘ಜಾಗದ ಟಿಪ್ಪಣಿ’. ವಿದ್ಯಾರ್ಥಿಯ ಹೆಸರಾಗಲಿ ಸಮಸ್ಯೆಯಾಗಲಿ ಬರೆಯುವ ಮೊದಲು, ಶಾಲೆಯ ಮಕ್ಕಳು ಬಿಡುವಿನಲ್ಲಿ ಸೇರುವ ಒಂದು ಜಾಗವನ್ನು ಪ್ರಶಿಕ್ಷಣಾರ್ಥಿ ಗಮನಿಸಲಿ. ಬಸ್ ನಿಲ್ದಾಣದ ಹಿಂದಿನ ಗೂಡಂಗಡಿ, ಪಂಕ್ಚರ್ ಅಂಗಡಿ, ಕೆರೆ ಏರಿ, ಅರ್ಧ ಕಟ್ಟಿ ಬಿಟ್ಟ ಸಮುದಾಯ ಭವನ, ಯಾವುದಾದರೂ ಆಗಬಹುದು. ಕದ್ದು ನೋಡುವುದು ಬೇಡ. ಮಕ್ಕಳಿಗೆ ಹೇಳಿ, ಅವರು ಬರಬಹುದು ಎಂದರೆ ಹೋಗಲಿ. ಯಾವ ಹೊತ್ತಿಗೆ ಯಾರು ಬರುತ್ತಾರೆ, ಏನು ಕೇಳಿಸುತ್ತದೆ, ಅಲ್ಲಿ ಯಾರು ಯಾರಿಗೆ ಏನು ಕಲಿಸುತ್ತಾರೆ, ಅಲ್ಲಿಂದ ಶಾಲೆ ಹೇಗೆ ಕಾಣುತ್ತದೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಾಕು. ಬೈಕಿನ ಸದ್ದು ಕೇಳಿ ದೋಷ ಹೇಳುವ, ಮೊಬೈಲಿನಲ್ಲಿ ಅಚ್ಚುಕಟ್ಟಾಗಿ ರೀಲ್ಸ್ ಸಂಕಲನ ಮಾಡುವ, ಕಬಡ್ಡಿ ತಂಡವನ್ನು ಖರ್ಚುವೆಚ್ಚದ ಸಮೇತ ನಿಭಾಯಿಸುವ ಹುಡುಗ ಆ ಟಿಪ್ಪಣಿಯಲ್ಲಿ ತಾನಾಗಿ ಬರುತ್ತಾನೆ.

ಎರಡನೆಯ ಹಂತ ಕಟ್ಟುವುದು. ಒಂದು ಖಾಲಿ ಕೊಠಡಿಯಲ್ಲಿ ಆ ಜಾಗವನ್ನು ಮಕ್ಕಳೇ ಕಟ್ಟಲಿ. ರಟ್ಟು, ಗೋಣಿಚೀಲ, ಹಳೆಯ ಟೈರು, ಫೋನಿನಲ್ಲಿ ಹಿಡಿದ ಸದ್ದು ಸಾಕು. ಪ್ರಶಿಕ್ಷಣಾರ್ಥಿಯದು ಸಾಮಗ್ರಿ ಹೊಂದಿಸುವ ಕೆಲಸ. ಶೀರ್ಷಿಕೆ, ವಿವರಣೆ, ನೀತಿವಾಕ್ಯ ಬರೆಯುವ ಕೆಲಸವಲ್ಲ. ಯಾವ ಮಗುವಿನ ಮುಖದ ಫೋಟೊ, ಹೆಸರು, ಮನೆಯ ವಿವರ ಅಲ್ಲಿ ಇರಬಾರದು. ಯಾರಿಗೆ ತೋರಿಸಬೇಕು ಎಂಬುದು ಮಕ್ಕಳ ತೀರ್ಮಾನ. ತೋರಿಸುವುದೇ ಬೇಡ ಎಂದರೆ ಅದಕ್ಕೂ ಒಪ್ಪಬೇಕು.

ಮೂರನೆಯದು ಹಿರಿಯರು ಒಳಗೆ ಹೋಗುವುದು. ಮುಖ್ಯ ಶಿಕ್ಷಕರು, ತರಗತಿ ಶಿಕ್ಷಕರು, ಮಾರ್ಗದರ್ಶಕ ಉಪನ್ಯಾಸಕರು ಹತ್ತು ನಿಮಿಷ ಅಲ್ಲಿ ಕೂತು, ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರಿಸಲಿ. ಇಡೀ ಚಟುವಟಿಕೆಯಲ್ಲಿ ಕಷ್ಟದ ಭಾಗ ಇದೇ. ಪ್ರಶ್ನೆ ಕೇಳಿ ಅಭ್ಯಾಸವಾದವರಿಗೆ ಉತ್ತರಿಸುವುದು ಸುಲಭವಲ್ಲ.

ಇಷ್ಟಾದ ಮೇಲೆ ಪ್ರಕರಣ ಅಧ್ಯಯನ ಬರೆಯಲಿ. ಅಂಕಗಳಲ್ಲಿ ಅರ್ಧ ಭಾಗವನ್ನು ಜಾಗದ ಟಿಪ್ಪಣಿಗೇ ಮೀಸಲಿಡಬಹುದು. ‘ಪರಿಹಾರೋಪಾಯಗಳು’ ಎಂಬ ಶೀರ್ಷಿಕೆಯ ಕೆಳಗೆ ಹುಡುಗ ಬದಲಾಯಿಸಿಕೊಳ್ಳಬೇಕಾದ ಸಂಗತಿಗಳ ಜೊತೆಗೆ ಶಾಲೆ ಬದಲಾಯಿಸಿಕೊಳ್ಳಬೇಕಾದ ಒಂದಾದರೂ ಸಂಗತಿ ಇರಲೇಬೇಕು ಎಂಬ ನಿಯಮ ಮಾಡಬಹುದು. ಇದರಿಂದ ಎಲ್ಲ ಮಕ್ಕಳೂ ಗೇಟಿನೊಳಗೆ ಬಂದುಬಿಡುತ್ತಾರೆ ಎಂದು ನಾನು ಹೇಳಲಾರೆ. ಗೇಟಿನ ಹೊರಗೆ ತಳ್ಳುವ ಕಾರಣಗಳಲ್ಲಿ ಬಹಳಷ್ಟು ನಮ್ಮ ಕೈಮೀರಿದವು. ಆದರೆ ನಾಳೆ ಶಿಕ್ಷಕರಾಗಿ ಹೋಗುವವರ ಮೊದಲ ಬರಹ ಒಂದು ಮಗುವಿನ ಮೇಲಿನ ದೂರಿನ ಪಟ್ಟಿಯಾಗಬಾರದು. ಅಷ್ಟು ನಮ್ಮ ಕೈಯಲ್ಲಿದೆ.

ಬೋಧನಾ ವಿಧಾನದ ಉಪನ್ಯಾಸಕರಲ್ಲಿ ನನ್ನ ಮನವಿ ಇಷ್ಟೆ. ಮುಂದಿನ ಇಂಟರ್ನ್‌ಶಿಪ್‌ನಲ್ಲಿ ಒಂದು ಶಾಲೆಗೆ ಹೋಗುವ ಒಂದು ತಂಡದಲ್ಲಾದರೂ ಇದನ್ನು ಪ್ರಯತ್ನಿಸಿ ನೋಡೋಣ. ಎಲ್ಲಿ ಕೈಕೊಟ್ಟಿತು, ಎಲ್ಲಿ ಫಲಿಸಿತು ಎಂಬುದನ್ನು ಆ ಪ್ರಶಿಕ್ಷಣಾರ್ಥಿಗಳೇ ಈ ಪತ್ರಿಕೆಯಲ್ಲಿ ಬರೆಯಲಿ.